ಕವಲೇಸೆ, 3 ಫೆಬ್ರವರಿ 1998: ತಂತಿ ತುಂಡಾದದ್ದು ಇಟಲಿಯಲ್ಲಿ, ವಿಚಾರಣೆ ಅಮೆರಿಕದಲ್ಲಿ ಯಾಕೆ?

ಹೊಳೆಸಾಲು | ಶನಿವಾರ ರಾತ್ರಿ 9:42

ಕಳೆದ ವಾರ ಆಫೀಸಿನ ಆರು ಜನ ಸೇರಿ ಮ್ಯೂನಿಕ್‌ನಿಂದ ಇಟಲಿಯ ಡೊಲೊಮೈಟ್ ಬೆಟ್ಟಗಳ ಕಡೆ ಸ್ಕೀಯಿಂಗಿಗೆ ಹೋಗಿದ್ದೆವು. ಸ್ಕೀಯಿಂಗ್ ಉಳಿದವರಿಗೆ. ಶಿರಸಿಯವನಾದ ನನಗೆ ಹಿಮದ ಮೇಲೆ ನೆಟ್ಟಗೆ ನಿಲ್ಲಲಿಕ್ಕೇ ಬರುವುದಿಲ್ಲ, ಬ್ಯಾಗು ಕಾಯುವ ಕೆಲಸ ನನ್ನದು. ಕವಲೇಸೆ ಅನ್ನುವ ಊರಿಂದ ಚೆರ್ಮಿಸ್ ಗುಡ್ಡಕ್ಕೆ ರೋಪ್‌ವೇ ಇದೆ. ಟಿಕೆಟ್ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಟೀಮಿನ ಹಿರಿಯ ಸಹೋದ್ಯೋಗಿ, ಜರ್ಮನಿಯವರು, ಸಾಲಿನಿಂದ ಆಚೆ ಬಂದು "ನೀವು ಹೋಗಿಬನ್ನಿ, ನಾನು ಕೆಳಗೇ ಇರುತ್ತೇನೆ" ಅಂದರು. ಎತ್ತರದ ಹೆದರಿಕೆ ಇರಬೇಕು ಅಂದುಕೊಂಡೆ. ಅವರೊಬ್ಬರನ್ನೇ ಬಿಡುವುದು ಬೇಡ ಅಂತ ನಾನೂ ಉಳಿದೆ. ಕಾಫಿ ಕುಡಿಯುತ್ತಾ ಅವರು ಹೇಳಿದ್ದು ಕೇಳಿದ ಮೇಲೆ ನಾನೂ ಆ ದಿನ ಮೇಲೆ ಹೋಗಲಿಲ್ಲ.

1998ರ ಫೆಬ್ರವರಿ 3, ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಅಮೆರಿಕದ ಮರೀನ್ ಪಡೆಯ ಪ್ರೌಲರ್ ವಿಮಾನ, ನಾಲ್ಕು ಸೀಟಿನದು, ಶತ್ರುವಿನ ರಾಡಾರ್ ಕೆಡಿಸಲು ಇರುವಂಥದ್ದು, ಅವಿಯಾನೋ ವಾಯುನೆಲೆಯಿಂದ ತರಬೇತಿ ಹಾರಾಟಕ್ಕೆ ಹೊರಟಿತ್ತು. ಕವಲೇಸೆಯ ಕಣಿವೆಯಲ್ಲಿ ಆವಿಸಿಯೋ ಹೊಳೆಯ ಮೇಲೆ ಎಷ್ಟು ತಗ್ಗಿನಲ್ಲಿ ಬಂತೆಂದರೆ ರೋಪ್‌ವೇಯ ತಂತಿ ಕತ್ತರಿಸಿಕೊಂಡೇ ಹೋಯಿತು. ಗುಡ್ಡದಿಂದ ಇಳಿಯುತ್ತಿದ್ದ ಕ್ಯಾಬಿನ್ ಎಂಬತ್ತು ಮೀಟರಿಗೂ ಹೆಚ್ಚು ಎತ್ತರದಿಂದ ನೆಲಕ್ಕೆ ಬಿತ್ತು. ಒಳಗಿದ್ದ 20 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಜರ್ಮನಿಯವರು 8, ಬೆಲ್ಜಿಯಂನವರು 5, ಇಟಲಿಯವರು 3, ಪೋಲೆಂಡಿನ ಇಬ್ಬರು (ತಾಯಿ, ಮಗ), ಆಸ್ಟ್ರಿಯಾದ ಒಬ್ಬರು, ನೆದರ್ಲೆಂಡ್ಸ್‌ನ ಒಬ್ಬರು. ವಿಮಾನಕ್ಕೆ ರೆಕ್ಕೆ, ಬಾಲದ ಕಡೆ ಪೆಟ್ಟಾಗಿತ್ತು, ಆದರೂ ಅವಿಯಾನೋಗೆ ವಾಪಸ್ ಹೋಗಿ ಇಳಿಯಿತು. ನಾಲ್ವರೂ ನಡೆದುಕೊಂಡು ಹೊರಗೆ ಬಂದರು.

ನನ್ನ ಪ್ರಶ್ನೆ ಇಷ್ಟೇ. ಸತ್ತದ್ದು ಇಟಲಿಯ ನೆಲದಲ್ಲಿ. ಇಟಲಿ, ಅಮೆರಿಕ ಎರಡೂ ಒಂದೇ ಕೂಟದವು, ಶತ್ರುಗಳಲ್ಲ. ಆದರೂ ಪೈಲಟ್ಟಿನ ವಿಚಾರಣೆ ನಡೆದದ್ದು ಅಮೆರಿಕದ ಉತ್ತರ ಕೆರೊಲಿನಾದ ಮಿಲಿಟರಿ ಕೋರ್ಟಿನಲ್ಲಿ, ಮತ್ತೆ ಖುಲಾಸೆಯೂ ಆಯಿತು. ಹೇಗೆ? ಗೊತ್ತಿದ್ದವರು ಬಿಡಿಸಿ ಹೇಳಿ.

ಸಿಟ್ಟಿನ ಸೀನ | ಶನಿವಾರ ರಾತ್ರಿ 9:58

ದೊಡ್ಡಣ್ಣ ಅಂದ್ರೆ ಹಂಗೇ. ಇದರಲ್ಲಿ ಬಿಡಿಸಿ ಹೇಳೋಕೆ ಏನಿದೆ ಗುರೂ. ಮನೆ ಯಜಮಾನ ತಟ್ಟೆ ಒಡೆದರೆ ಕೈಜಾರಿತು, ಆಳು ಒಡೆದರೆ ಕೊಬ್ಬು.

ಕರಿಕೋಟು ಧಾರವಾಡ | ಶನಿವಾರ ರಾತ್ರಿ 10:31

ಸೀನಣ್ಣ, ಬರೇ ದಾದಾಗಿರಿ ಆಗಿದ್ರ ಬೈದು ಸುಮ್ಮನಾಗಬಹುದಿತ್ತು. ಕಾಗದದ ಮ್ಯಾಲೆ ಎಲ್ಲಾ ಸರಿ ಐತಿ, ಅದಽ ತ್ರಾಸು.

1951ರ ಜೂನ್ 19ಕ್ಕ ಲಂಡನ್ನಿನಾಗ ನ್ಯಾಟೊ ಅನ್ನೂ ಸೈನಿಕ ಕೂಟದ ದೇಶಗೋಳು ಒಂದು ಒಪ್ಪಂದಕ್ಕ ಸಹಿ ಮಾಡ್ಯಾವು. ಒಬ್ಬರ ಸೈನ್ಯ ಇನ್ನೊಬ್ಬರ ನೆಲದಾಗ ಠಿಕಾಣಿ ಹೂಡಿದಾಗ ಯಾರ ಕಾನೂನು ನಡೀಬೇಕು ಅನ್ನೂದು ಅದರ ವಿಷಯ. ಅದರ 7ನೇ ಕಲಮಿನ ಪ್ರಕಾರ ಸೈನಿಕ ರಜಾದಾಗ ಪ್ಯಾಟಿಗೆ ಹೋಗಿ ಯಾರಿಗೋ ಹೊಡದಾ ಅಂದ್ರ ಮೊದಲ ಹಕ್ಕು ಆ ನೆಲದ ಕೋರ್ಟಿಗೆ. ಡ್ಯೂಟಿ ಮ್ಯಾಲಿದ್ದಾಗ ಏನರ ಆತು ಅಂದ್ರ ಮೊದಲ ಹಕ್ಕು ಸೈನಿಕನ ದೇಶಕ್ಕ. ಪ್ರೌಲರ್ ಹಾರಿದ್ದು ಡ್ಯೂಟಿ ಮ್ಯಾಲೆ. ಅಲ್ಲಿಗೆ ಕಥಿ ಮುಗೀತು.

ಇನ್ನೊಂದು ಸಣ್ಣ ಕಿಡಕಿ ಇತ್ತು. ಅದಽ ಕಲಮಿನಾಗ, ಇದು ನಮಗ ಭಾಳ ಮಹತ್ವದ ಪ್ರಕರಣ, ನಿಮ್ಮ ಹಕ್ಕು ಬಿಟ್ಟುಕೊಡ್ರಿ ಅಂತ ಇಟಲಿ ಕೇಳಬಹುದು, ಅಮೆರಿಕ ಅದನ್ನ ಸಹಾನುಭೂತಿಯಿಂದ ನೋಡಬೇಕು ಅಂತ ಬರದದ. ಇಟಲಿ ಕೇಳಿತು. ಅಮೆರಿಕ ನೋಡಿತು, ಆಗೂದಿಲ್ಲ ಅಂತು. ಕವಲೇಸೆ ಸೇರಿದ ಟ್ರೆಂಟೊ ಪ್ರಾಂತ್ಯದ ಸರ್ಕಾರಿ ವಕೀಲರು ಅಲ್ಲೇ ಮೊಕದ್ದಮೆ ನಡಸಾಕ ನೋಡಿದ್ರು. 1998ರ ಜುಲೈದಾಗ ಅಲ್ಲಿನ ನ್ಯಾಯಾಧೀಶರು ನಮಗ ಅಧಿಕಾರ ಇಲ್ಲ ಅಂತ ಕಟ್ಟು ಮುಚ್ಚಿದ್ರು. ಆ ನ್ಯಾಯಾಧೀಶರು ಹೆದರಿದ್ರು ಅಂತ ನಾ ಅನ್ನೂದಿಲ್ಲ. ನಾ ಆ ಖುರ್ಚಿ ಮ್ಯಾಲಿದ್ರೂ ಬ್ಯಾರೆ ಏನೂ ಬರಿಯಾಕ ಬರ್ತಿರಲಿಲ್ಲ.

ಪಾಠದ ಮನೆ | ಶನಿವಾರ ರಾತ್ರಿ 10:50

ವಕೀಲರೇ, ಸಹಾನುಭೂತಿಯಿಂದ ನೋಡಬೇಕು ಅನ್ನುವ ಮಾತನ್ನು ಕಾನೂನಿನಲ್ಲಿ ಬರೆಯುತ್ತಾರಾ? ನಮ್ಮ ಶಾಲೆಯ ವರ್ಗಾವಣೆ ಅರ್ಜಿಗಳಲ್ಲಿ ಮಾತ್ರ ಇರುತ್ತೆ ಅಂದುಕೊಂಡಿದ್ದೆ.

ಕರಿಕೋಟು ಧಾರವಾಡ | ಶನಿವಾರ ರಾತ್ರಿ 10:54

ಬರೀತಾರ್ರೀ ಅಕ್ಕಾರ. ಬರದು ಅದಕ್ಕ ಗಡುವು ಹಾಕೂದಿಲ್ಲ.

ಜಾಲಹಳ್ಳಿ ಅಜ್ಜ | ಭಾನುವಾರ ಬೆಳಗ್ಗೆ 6:15

ವಾಯುಪಡೆಯಲ್ಲಿ ಇಪ್ಪತ್ತೆರಡು ವರ್ಷ ಉಪಕರಣ ವಿಭಾಗದಲ್ಲಿದ್ದೆ. ಪೈಲಟ್ ಅಲ್ಲ, ಪೈಲಟ್ ನೋಡುವ ಡಯಲ್ಲುಗಳನ್ನು ಬಿಚ್ಚಿ ಕಟ್ಟುವವನು. ಬೈಯುವ ಮುಂಚೆ ಆ ಕಾಕ್‌ಪಿಟ್‌ನೊಳಗೆ ಸ್ವಲ್ಪ ಕೂತು ನೋಡಿ ಅಂತ ನನ್ನ ವಿನಂತಿ.

ಆ ವಿಮಾನದ ವೇಗ ಗಂಟೆಗೆ ಸುಮಾರು 870 ಕಿಲೋಮೀಟರ್. ಅಂದರೆ ಸೆಕೆಂಡಿಗೆ 240 ಮೀಟರ್. ನೀವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಫುಟ್ಬಾಲ್ ಮೈದಾನದಷ್ಟು ದೂರ ಹಿಂದೆ ಬಿದ್ದಿರುತ್ತದೆ. ತಂತಿ ಅನ್ನುವುದು ಆ ವೇಗದಲ್ಲಿ ಕಣ್ಣಿಗೆ ಬೀಳುವ ವಸ್ತುವೇ ಅಲ್ಲ. ಹೆಲಿಕಾಪ್ಟರ್‌ನವರಿಗೂ ಹೇಳಿಕೊಡುವುದು ಇದನ್ನೇ: ತಂತಿ ಹುಡುಕಬೇಡ, ಕಂಬ ಹುಡುಕು, ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಅಂತ ತಿಳಿ. ಕಣಿವೆ ದಾಟುವ ರೋಪ್‌ವೇಗೆ ಕಂಬಗಳು ಎರಡು ಬದಿಯ ಗುಡ್ಡದಲ್ಲಿ, ಕಾಡಿನ ನಡುವೆ ಇರುತ್ತವೆ. ಅಮೆರಿಕನ್ನರು ಹಿಡಿದಿದ್ದ ನಕ್ಷೆಯಲ್ಲಿ ಆ ರೋಪ್‌ವೇ ಗುರುತೇ ಇರಲಿಲ್ಲ.

ಇನ್ನು ರೇಡಿಯೋ ಆಲ್ಟಿಮೀಟರ್. ಕೆಳಗೆ ಅಲೆ ಬಿಡುತ್ತದೆ, ವಾಪಸ್ ಬಂದ ಹೊತ್ತು ಲೆಕ್ಕ ಹಾಕಿ ನೆಲ ಎಷ್ಟು ದೂರ ಅಂತ ಹೇಳುತ್ತದೆ. ಇಷ್ಟಕ್ಕಿಂತ ಕೆಳಗೆ ಹೋದರೆ ಕೂಗು ಅಂತ ಒಂದು ಮುಳ್ಳು ತಿರುಗಿಸಿ ಇಡಬಹುದು. ಅದು ಕೂಗಲೇ ಇಲ್ಲ ಅಂತ ಪೈಲಟ್ ಪರ ವಾದ ಆಯಿತು. ಅದು ಸಾಧ್ಯವೇ ಇಲ್ಲ ಅಂತ ನಾನು ಹೇಳಲಾರೆ. ಅಂಥ ಪೆಟ್ಟಿಗೆಗಳನ್ನು ನಾನೇ ಬಿಚ್ಚಿದ್ದೇನೆ, ಬೆಂಚಿನ ಮೇಲೆ ಸರಿ ಇರುತ್ತದೆ, ವಿಮಾನಕ್ಕೆ ಹಾಕಿದರೆ ಮುನಿಸಿಕೊಳ್ಳುತ್ತದೆ.

ಹಳೇ ಮೊಳೆ | ಭಾನುವಾರ ಬೆಳಗ್ಗೆ 8:40

ಅಜ್ಜನವರೇ, ಒಪ್ಪಿದೆ, ತಂತಿ ಕಾಣುವುದಿಲ್ಲ. ಆದರೆ ತಂತಿ ಕಾಣದಿರುವುದಕ್ಕೇ ತಾನೇ ಎತ್ತರದ ಮಿತಿ ಇಡುವುದು? ಅಮೆರಿಕದವರಿಗೆ ಅವರದೇ ಮಿತಿ 1000 ಅಡಿ. ಆ ಪ್ರಾಂತ್ಯಕ್ಕೆ ಇಟಲಿಯವರ ಮಿತಿ 2000 ಅಡಿ. ತಂತಿಗೆ ತಾಗಿದ್ದು 360 ಅಡಿಯ ಆಸುಪಾಸಿನಲ್ಲಿ. ಎರಡು ಸಾವಿರಕ್ಕೂ ಒಂದು ಸಾವಿರಕ್ಕೂ ನಡುವೆ ಗೊಂದಲ ಇತ್ತು ಅನ್ನಿ, ಅದನ್ನು ಬೇಕಾದರೆ ನಂಬೋಣ. ಮುನ್ನೂರ ಅರುವತ್ತಕ್ಕೆ ಯಾವ ಗೊಂದಲ?

ನಾನು ಆಗ ಮೈಸೂರಿನಲ್ಲಿ ಒಂದು ಪತ್ರಿಕೆಯ ರಾತ್ರಿ ಪಾಳಿಯಲ್ಲಿದ್ದೆ. 1999ರ ಮಾರ್ಚ್ 4ಕ್ಕೆ ಪೈಲಟ್ ಕ್ಯಾಪ್ಟನ್ ರಿಚರ್ಡ್ ಆಶ್ಬಿ ಖುಲಾಸೆ. ನಾನು ಹಾಕಿದ್ದು ಒಳಪುಟದಲ್ಲಿ ಸಿಂಗಲ್ ಕಾಲಂ, "ರೋಪ್‌ವೇ ದುರಂತ: ಪೈಲಟ್ ನಿರ್ದೋಷಿ". ಮಾರನೇ ದಿನ ಇಟಲಿಯ ಪ್ರಧಾನಿ ಮಸ್ಸಿಮೊ ಡಲೇಮಾ ವಾಷಿಂಗ್ಟನ್ನಿನಲ್ಲಿ ಕ್ಲಿಂಟನ್ ಪಕ್ಕ ನಿಂತಿದ್ದ ಸುದ್ದಿ ಬಂದಾಗ ನನಗೆ ಚುರುಕ್ ಅಂತು, ಹಿಂದಿನ ದಿನದ್ದು ಮುಖಪುಟದ ಸುದ್ದಿಯಾಗಿತ್ತಲ್ಲ ಅಂತ. ಆ ಮನುಷ್ಯನ ಪಾಡು ಯೋಚಿಸಿ. ಹಳೇ ಕಮ್ಯುನಿಸ್ಟ್, ಆ ಪಕ್ಷದ ಹಿನ್ನೆಲೆಯಿಂದ ಇಟಲಿಯ ಪ್ರಧಾನಿಯಾದ ಮೊದಲಿಗ. ನಾನು ಅಮೆರಿಕದ ನಂಬಿಕಸ್ಥ ಮಿತ್ರ ಅಂತ ತೋರಿಸಲಿಕ್ಕೇ ಹೋದ ಪ್ರವಾಸ. ಅದರ ನೆತ್ತಿಯ ಮೇಲೇ ಈ ತೀರ್ಪು. ಅಲ್ಲಿ ನಗಬೇಕೋ, ಕೂಗಬೇಕೋ?

ಎರಡೂ ಮಾಡಲಿಲ್ಲ. ತೀರ್ಪಿನ ಬಗ್ಗೆ ದಿಗ್ಭ್ರಮೆ ಅಂದರು, ಕ್ಲಿಂಟನ್ ವಿಷಾದ ಅಂದರು. ಮೂರು ವಾರ ತುಂಬುವ ಮುಂಚೆ, ಮಾರ್ಚ್ 24ಕ್ಕೆ, ಕೊಸೊವೊ ಜಗಳದಲ್ಲಿ ಯುಗೊಸ್ಲಾವಿಯಾ ಮೇಲೆ ನ್ಯಾಟೊ ಬಾಂಬ್ ದಾಳಿ ಶುರು. ಆ ವಿಮಾನಗಳು ಬಹಳಷ್ಟು ಎದ್ದದ್ದು ಎಲ್ಲಿಂದ? ಅದೇ ಅವಿಯಾನೋದಿಂದ. 78 ದಿನ. ನಾವು ಡೆಸ್ಕಿನಲ್ಲಿ ದಿನಾ ಅವಿಯಾನೋ ಅಂತ ಬರೆಯುತ್ತಿದ್ದೆವು, ಕವಲೇಸೆ ಅಂತ ಮತ್ತೆ ಬರೆದ ನೆನಪು ಬಹಳ ಕಡಿಮೆ. ಇಟಲಿಯ ಸಿಟ್ಟು ಆರಿತು ಅಂತಲ್ಲ. ಅದನ್ನು ಇಡಲಿಕ್ಕೆ ಜಾಗ ಇರಲಿಲ್ಲ.

ಹೊಸಬ_ಎಚ್‌ಎಎಲ್ ಗೇಟ್ | ಭಾನುವಾರ ಬೆಳಗ್ಗೆ 9:05

ನಮ್ಮ ಬೆಂಗಳೂರಿನ ಧ್ರುವ್ ಹೆಲಿಕಾಪ್ಟರ್ ವಿಷಯವೂ ಇದೇ ಅಲ್ವಾ? ಈಕ್ವೆಡಾರ್ 7 ತಗೊಂಡಿತ್ತು, 4 ಬಿದ್ದವು, 2015ರಲ್ಲಿ ಕರಾರು ರದ್ದು ಮಾಡಿದರು. ಆಗಲೂ ಎರಡು ದೇಶದ ನಡುವೆ ಕಸಿವಿಸಿ ಆಯ್ತಲ್ಲ.

ಹಳೇ ಮೊಳೆ | ಭಾನುವಾರ ಬೆಳಗ್ಗೆ 9:11

ಅದು ಅಂಗಡಿ-ಗಿರಾಕಿ ಜಗಳ ತಮ್ಮ. ಮಾಲು ಸರಿ ಇಲ್ಲ ಅಂದರೆ ವಾಪಸ್ ಕೊಡಬಹುದು. ಇಲ್ಲಿ ಮನೆಯೊಳಗೇ ಬಿಡಾರ ಹೂಡಿದ ನೆಂಟನ ಮಾತು.

ಟೋಕಿಯೋ ತಿಂಡಿಪೋತ | ಭಾನುವಾರ ಬೆಳಗ್ಗೆ 11:20

ನೆಂಟನ ಮಾತು ಬಂತಲ್ಲ, ಜಪಾನಿನಿಂದ ಒಂದು ಸೇರಿಸುತ್ತೇನೆ. ಇಲ್ಲಿ ಒಪ್ಪಂದ 1960ರದ್ದು, ನ್ಯಾಟೊದ್ದಲ್ಲ, ಆದರೆ ಡ್ಯೂಟಿ ಮೇಲಿದ್ದರೆ ಮೊದಲ ಹಕ್ಕು ಅಮೆರಿಕದ್ದು ಅನ್ನುವ ಸಾಲು ಇದರಲ್ಲೂ ಹಾಗೇ ಇದೆ.

2004ರ ಆಗಸ್ಟ್ 13. ಓಕಿನಾವಾದಲ್ಲಿರುವ ಅಮೆರಿಕದ ಫುಟೆನ್ಮಾ ವಾಯುನೆಲೆ ಊರಿನ ನಟ್ಟನಡುವೆ ಇದೆ, ಬೇಲಿಯ ಆಚೆ ಶಾಲೆ, ಮನೆ. ಮರೀನ್ ಪಡೆಯ ದೊಡ್ಡ ಹೆಲಿಕಾಪ್ಟರ್ ಒಂದು ಪಕ್ಕದ ಓಕಿನಾವಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದ ಕಟ್ಟಡಕ್ಕೆ ಬಡಿದು ಬೆಂಕಿ ಹತ್ತಿಕೊಂಡಿತು. ಬೇಸಿಗೆ ರಜೆ, ಹಾಗಾಗಿ ನೆಲದ ಮೇಲಿದ್ದವರು ಯಾರೂ ಸಾಯಲಿಲ್ಲ, ಒಳಗಿದ್ದ ಮೂವರಿಗೆ ಗಾಯ. ಜನ ಇವತ್ತಿಗೂ ಮರೆಯದೇ ಇರುವುದು ಬೆಂಕಿಯನ್ನಲ್ಲ, ಆಮೇಲಿನದ್ದನ್ನು. ಅಮೆರಿಕದ ಸೈನಿಕರು ಬೇಲಿ ಹಾರಿ ಬಂದು ಹಗ್ಗ ಕಟ್ಟಿದರು. ಜಪಾನಿನ ಪೊಲೀಸರಿಗೆ ಜಪಾನಿನ ಕಾಲೇಜಿನ ಅಂಗಳದೊಳಗೆ ಹೋಗಲು ಬಿಡಲಿಲ್ಲ. ಸೈನಿಕರು ತರಿಸಿದ ಪಿಜ್ಜಾದವನನ್ನು ಮಾತ್ರ ಒಳಗೆ ಬಿಟ್ಟರು ಅಂತ ಓಕಿನಾವಾದವರು ಈಗಲೂ ಹೇಳುತ್ತಾರೆ. ಮರುವರ್ಷ ಯಾರು ಹಗ್ಗದ ಒಳಗೆ, ಯಾರು ಹೊರಗೆ ಅಂತ ಎರಡು ಸರ್ಕಾರ ಕೂತು ನಿಯಮ ಬರೆದವು.

2023ರ ನವೆಂಬರ್ 29ಕ್ಕೆ ಯಾಕುಶಿಮಾ ದ್ವೀಪದ ಬಳಿ ಅಮೆರಿಕದ ಆಸ್ಪ್ರೆ ಅನ್ನುವ ಸೈನಿಕ ವಿಮಾನ ಸಮುದ್ರಕ್ಕೆ ಬಿದ್ದು ಅವರ 8 ಜನ ಸತ್ತಾಗಲೂ ಅಷ್ಟೇ. ಹುಡುಕಾಟಕ್ಕೆ ಬೇಕಾದ್ದು ಬಿಟ್ಟು ಬೇರೆ ಆಸ್ಪ್ರೆ ಹಾರಿಸಬೇಡಿ ಅಂತ ಜಪಾನ್ ಕೇಳಿತು, ಅಧಿಕೃತವಾಗಿ ಕೇಳಿದ್ದು ನಮಗೆ ಗೊತ್ತಿಲ್ಲ ಅನ್ನುವ ಧಾಟಿಯ ಉತ್ತರ ವಾಷಿಂಗ್ಟನ್ನಿಂದ ಬಂತು. ನಮ್ಮ ಆಫೀಸಿನ ಕ್ಯಾಂಟೀನ್ ಟೀವಿಯಲ್ಲಿ ಮಂತ್ರಿಗಳು ತಲೆ ತಗ್ಗಿಸಿ "ಕಳವಳ" ಅನ್ನುವ ಪದವನ್ನೇ ದಿನಾ ಉರು ಹೊಡೆಯುತ್ತಿದ್ದರು. ಡಿಸೆಂಬರ್ 6ಕ್ಕೆ ಅಮೆರಿಕ ಜಗತ್ತಿನಾದ್ಯಂತ ತನ್ನ ಆಸ್ಪ್ರೆಗಳನ್ನೆಲ್ಲ ನಿಲ್ಲಿಸಿತು, ಬಿಡಿಭಾಗದ ಅನುಮಾನದ ಮೇಲೆ. ಜಪಾನ್ ಕೇಳಿದ್ದಕ್ಕೆ ಅಂತ ಹೇಳಲಿಲ್ಲ.

ಸಿಟ್ಟಿನ ಸೀನ | ಭಾನುವಾರ ಬೆಳಗ್ಗೆ 11:26

ಪಿಜ್ಜಾ 😡

ಬೊಕ್ಕಪಟ್ಣ ಬೋಟು | ಭಾನುವಾರ ಮಧ್ಯಾಹ್ನ 1:48

ಮಾರಾಯ್ರೆ, ಪಿಜ್ಜಾ ಬಿಡಿ, ಮೀನುಗಾರನ ಕತೆ ಉಂಟು ಕೇಳಿ. ಸ್ಪೇನಿನ ಪಲೊಮಾರೆಸ್, 1966ರ ಜನವರಿ 17. ಅಮೆರಿಕದ ಬಿ-52 ಬಾಂಬರಿಗೆ ಆಕಾಶದಲ್ಲೇ ಎಣ್ಣೆ ತುಂಬಿಸುವಾಗ ಎರಡು ವಿಮಾನ ಡಿಕ್ಕಿ. 7 ಜನ ಸತ್ತರು. ಬಾಂಬರಿನಲ್ಲಿದ್ದ 4 ಹೈಡ್ರೋಜನ್ ಬಾಂಬ್ ಕೆಳಗೆ ಬಿತ್ತು. ಅಣುಸ್ಫೋಟ ಆಗ್ಲಿಲ್ಲ, ಪುಣ್ಯ. ಎರಡರ ಮಾಮೂಲು ಸಿಡಿಮದ್ದು ಹೊಟ್ಟಿ ಪ್ಲುಟೋನಿಯಂ ಧೂಳು ಟೊಮೆಟೊ ಗದ್ದೆ ಮೇಲೆ. ನಾಲ್ಕನೆಯದು ಸಮುದ್ರದಲ್ಲಿ. ಅದನ್ನು ಹುಡುಕ್ಲಿಕ್ಕೆ ಅಮೆರಿಕದ ನೌಕಾಪಡೆ ಇಡೀ ಬಂತು. ಕಡೆಗೆ ಸಿಕ್ಕಿದ್ದು ಫ್ರಾನ್ಸಿಸ್ಕೊ ಸಿಮೊ ಹೇಳುವ ಮೀನುಗಾರ ಬೊಟ್ಟು ಮಾಡಿ ತೋರಿಸಿದ ಕಡೆಯಲ್ಲೇ, ಹತ್ತಿರ ಹತ್ತಿರ 80 ದಿನ ಆದ ಮೇಲೆ. ಊರವರು ಅವನಿಗೆ "ಬಾಂಬಿನ ಪಾಕೊ" ಹೆಸರಿಟ್ಟರು. ನಮ್ಮಲ್ಲಿ ಬಲೆಗೆ ಬೇಡದ್ದು ಸಿಕ್ಕಿದರೆ ಬೈದು ಬಿಸಾಡುದು, ಅವ ನ್ಯೂಯಾರ್ಕಿನಲ್ಲಿ ವಕೀಲರನ್ನು ಹಿಡಿದು ಹುಡುಕಿಕೊಟ್ಟದ್ದಕ್ಕೆ ಪಾಲು ಕೇಳಿದ. ಹುಷಾರು ಜನ.

ಆದರೆ ನಾನು ಹೇಳ್ಲಿಕ್ಕೆ ಹೊರಟದ್ದು ಬೇರೆ. ಸಮುದ್ರ ಸುರಕ್ಷಿತ ಉಂಟು ಅಂತ ತೋರಿಸ್ಲಿಕ್ಕೆ ಸ್ಪೇನಿನ ಮಂತ್ರಿ ಮಾನುಯೆಲ್ ಫ್ರಾಗಾ, ಅಮೆರಿಕದ ರಾಯಭಾರಿ ಆಂಜಿಯರ್ ಬಿಡಲ್ ಡ್ಯೂಕ್ ಇಬ್ಬರೂ ಮಾರ್ಚ್ ಚಳಿಯಲ್ಲಿ ಚಡ್ಡಿ ಹಾಕಿ ಈಜಿದರು, ಫೋಟೊ ತೆಗೆಸಿದರು. ಸುಮಾರು 1,400 ಟನ್ ಮಣ್ಣು ಪೀಪಾಯಿಗಳಲ್ಲಿ ಅಮೆರಿಕಕ್ಕೆ ಹೋಯಿತು. ಉಳಿದದ್ದು ಅಲ್ಲೇ. 2015ರಲ್ಲಿ, ಅಂದರೆ 49 ವರ್ಷ ಕಳೆದ ಮೇಲೆ, ಅಮೆರಿಕದ ಆಗಿನ ವಿದೇಶಾಂಗ ಮಂತ್ರಿ ಜಾನ್ ಕೆರಿ ಬಂದು ಉಳಿದ ಮಣ್ಣಿನ ಬಗ್ಗೆ ಒಂದು ಇರಾದೆ ಪತ್ರಕ್ಕೆ ಸಹಿ ಹಾಕಿದರು. ಇರಾದೆ! ಈಜಿದ್ದು ಹತ್ತು ನಿಮಿಷ, ಮಣ್ಣು ಐವತ್ತು ವರ್ಷ.

ಪಾಠದ ಮನೆ | ಭಾನುವಾರ ಮಧ್ಯಾಹ್ನ 2:30

ಕವಲೇಸೆಗೇ ಬರೋಣ. ದುಡ್ಡಿನ ಪರಿಹಾರವಾದರೂ ಆಯಿತಾ? ಮತ್ತೆ ವಿಡಿಯೋ ಟೇಪ್ ಅಂತ ಏನೋ ಓದಿದ ನೆನಪು.

ಕರಿಕೋಟು ಧಾರವಾಡ | ಭಾನುವಾರ ಮಧ್ಯಾಹ್ನ 3:12

ರೊಕ್ಕದ ಮಾತು ಮೊದಲ ಹೇಳ್ತೀನಿ, ಅದು ಸರಳ ಐತಿ. ಅಮೆರಿಕದ ಸೆನೆಟ್ 4 ಕೋಟಿ ಡಾಲರ್ ಕೊಡೂಣು ಅಂತ ಒಪ್ಪಿತ್ತು. 1999ರ ಮೇ ತಿಂಗಳದಾಗ ಎರಡು ಸದನದವರು ಕೂಡಿ ಮಸೂದೆ ತಿದ್ದೂ ಹೊತ್ತಿಗೆ ಆ ಸಾಲು ಉದುರಿತು. ಕಡೀಕ ಆ ವರ್ಷ ಡಿಸೆಂಬರದಾಗ ಇಟಲಿಯ ಸಂಸತ್ತು ತಾನಽ ಕಾಯ್ದೆ ಮಾಡಿ ಸತ್ತ ಒಬ್ಬೊಬ್ಬರಿಗೆ ಹತ್ತಿರ ಹತ್ತಿರ 20 ಲಕ್ಷ ಡಾಲರ್ ಕೊಟ್ಟಿತು. 1951ರ ಒಪ್ಪಂದದ 8ನೇ ಕಲಮಿನ ಲೆಕ್ಕದಾಗ ಅದರ 75 ಪಾಲು ಅಮೆರಿಕದ್ದು, 25 ಪಾಲು ಇಟಲಿಯದು. ಅಂದ್ರ ಹೊಡಿಸಿಕೊಂಡ ಮನಿಯವರೂ ನಾಕಾಣೆ ಹಾಕಬೇಕು. ಇದು ದಂಡ ಅಲ್ಲ ನೋಡ್ರಿ, ಪಾಲುದಾರಿಕಿ ಖರ್ಚು.

ಟೇಪಿನ ಮಾತು. ಪೈಲಟ್ ಆಶ್ಬಿ ಪ್ರೌಲರ್ ಬಿಟ್ಟು ಎಫ್-18 ಯುದ್ಧವಿಮಾನಕ್ಕ ಹೋಗಾಂವ ಇದ್ದ. ಗುಡ್ಡದ ನೋಟ ಹಿಡಕೊಳ್ಳಾಕ ಒಂದು ಕೈ ಕ್ಯಾಮೆರಾ ಒಯ್ದಿದ್ರು. ತಂತಿಗೆ ಬಡದು ಇಳಿದ ಮ್ಯಾಲೆ ಅದರಾಗಿನ ಟೇಪ್ ತಗದು ಖಾಲಿ ಟೇಪ್ ಹಾಕಿದ್ರು. ನ್ಯಾವಿಗೇಟರ್ ಜೋಸೆಫ್ ಶ್ವೈಟ್ಜರ್ ಅಸಲಿ ಟೇಪನ್ನ ಬೆಂಕಿಗೆ ಹಾಕಿದ. ಜೀವಹಾನಿ ಆರೋಪದಾಗ ಆಶ್ಬಿ ಖುಲಾಸೆ ಆದಮ್ಯಾಲೆ ಶ್ವೈಟ್ಜರ್ ಮ್ಯಾಲಿನ ಅದಽ ಆರೋಪ ಕೈಬಿಟ್ರು. ಹಿಂದಿನ ಸೀಟಿನ ಇಬ್ಬರ ಮ್ಯಾಲಿನದು ಮೊದಲಽ ಬಿಟ್ಟಿದ್ರು. ಉಳಿದದ್ದು ಟೇಪು ಒಂದಽ. ಶ್ವೈಟ್ಜರ್ ತಪ್ಪೊಪ್ಪಿಕೊಂಡ, ನೌಕರಿಯಿಂದ ವಜಾ. ಆಶ್ಬಿಗೆ 1999ರ ಮೇದಾಗ 6 ತಿಂಗಳ ಸಜಾ, ಮತ್ತ ವಜಾ.

20 ಜೀವಕ್ಕ ಸಜಾ ಇಲ್ಲ, ಒಂದು ಕ್ಯಾಸೆಟ್ಟಿಗೆ ಆರು ತಿಂಗಳು. ಕಾನೂನಿನ ಪ್ರಕಾರ ಎರಡೂ ತೀರ್ಪು ಬ್ಯಾರೆ ಬ್ಯಾರೆ, ತರ್ಕ ಹಚ್ಚಿ ಸಮರ್ಥನಾ ಮಾಡಬಹುದು. ನನ್ನ ಹೆಂಡತಿಗೆ ಸಮರ್ಥನಾ ಮಾಡಿ ಹೇಳಾಕ ಹೋಗಿ ಬೈಸಿಕೊಂಡೆ.

ಜಾಲಹಳ್ಳಿ ಅಜ್ಜ | ಭಾನುವಾರ ಸಂಜೆ 5:02

ಬೆಳಗ್ಗೆ ನಾನು ಆಲ್ಟಿಮೀಟರ್ ಪರ ಬರೆದೆ. ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಯಂತ್ರ ಕೈಕೊಡುತ್ತದೆ, ನಕ್ಷೆ ತಪ್ಪಿರುತ್ತದೆ, ಹಿಂದೆ ಹಾರಿದವರೂ ತಗ್ಗಿನಲ್ಲೇ ಹಾರಿರುತ್ತಾರೆ, ಯಾರೂ ಹೇಳಿರುವುದಿಲ್ಲ. ಒಬ್ಬ ಹುಡುಗನ ತಲೆಗೆ ಎಲ್ಲ ಕಟ್ಟಬಾರದು ಅನ್ನುವವನು ನಾನು.

ಟೇಪ್ ಬಗ್ಗೆ ನನ್ನ ಹತ್ತಿರ ಮಾತಿಲ್ಲ. ನಮ್ಮ ಸ್ಕ್ವಾಡ್ರನ್ನಿನಲ್ಲಿ ಒಮ್ಮೆ ವಿಮಾನವೊಂದು ರನ್‌ವೇ ಬಿಟ್ಟು ಮಣ್ಣಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೂ ಹತ್ತು ನಿಮಿಷದೊಳಗೆ ನನ್ನ ಟೂಲ್‌ಬಾಕ್ಸಿಗೆ, ಲಾಗ್‌ಬುಕ್ಕಿಗೆ, ಅರ್ಧ ಕುಡಿದ ಚಹಾದ ಪಕ್ಕದಲ್ಲಿದ್ದ ನನ್ನ ಚೀಟಿಗೂ ಸೀಲು ಬಿತ್ತು. ಚೀಟಿಯಲ್ಲಿದ್ದದ್ದು ಮನೆಗೆ ತರಬೇಕಾದ ದಿನಸಿ ಪಟ್ಟಿ. ಅದನ್ನೂ ಬಿಡಲಿಲ್ಲ. ಮುಟ್ಟಬಾರದು ಅಂದರೆ ಮುಟ್ಟಬಾರದು. ಇದು ಎಲ್ಲ ದೇಶದ ಪಡೆಯಲ್ಲೂ ಮೊದಲ ಪಾಠ.

ಬೊಕ್ಕಪಟ್ಣ ಬೋಟು | ಭಾನುವಾರ ಸಂಜೆ 6:20

ಎಲ್ಲರೂ ಇಟಲಿ ಪಾಪ ಪಾಪ ಅಂತಿದ್ದೀರಿ. ಒಂದು ಕೇಳ್ತೇನೆ, ಎನ್ರಿಕಾ ಲೆಕ್ಸಿ ಮರೆತಿರಾ?

2012ರ ಫೆಬ್ರವರಿ 15. ಕೇರಳದ ಹೊರಗೆ ಸಮುದ್ರದಲ್ಲಿ ಸೇಂಟ್ ಆಂಟನಿ ಬೋಟಿನ ಇಬ್ಬರು ಮೀನುಗಾರರನ್ನು ಎನ್ರಿಕಾ ಲೆಕ್ಸಿ ಹೇಳುವ ಇಟಲಿಯ ಎಣ್ಣೆ ಹಡಗಿನ ಮೇಲಿದ್ದ ಇಟಲಿ ನೌಕಾಪಡೆಯ ಮರೀನುಗಳು ಕಡಲ್ಗಳ್ಳರು ಅಂತ ತಿಳಿದು ಗುಂಡಿಕ್ಕಿ ಕೊಂದರು. ಆಗ ಇಟಲಿ ಹೇಳಿದ್ದು ಎಂಥ? ಅವರು ಡ್ಯೂಟಿ ಮೇಲಿದ್ದರು, ನಮ್ಮ ಸೈನಿಕರು, ವಿಚಾರಣೆ ನಮ್ಮಲ್ಲೇ. ಕೆರೊಲಿನಾದಲ್ಲಿ ಯಾವುದು ಅನ್ಯಾಯ ಕಂಡಿತೋ ಅದೇ ರೋಮಿನಲ್ಲಿ ನ್ಯಾಯ. 2013ರಲ್ಲಿ ಓಟು ಹಾಕ್ಲಿಕ್ಕೆ ಅಂತ ಊರಿಗೆ ಕಳಿಸಿದರೆ ವಾಪಸ್ ಕಳಿಸುದಿಲ್ಲ ಅಂದರು. ನಮ್ಮ ಸುಪ್ರೀಂ ಕೋರ್ಟು ಅವರ ರಾಯಭಾರಿ ದೇಶ ಬಿಡಬಾರದು ಅಂದ ಮೇಲೆ ಕಳಿಸಿದ್ದು. ಆ ವಾರ ನಮ್ಮ ಧಕ್ಕೆಯಲ್ಲಿ ಬೇರೆ ಮಾತೇ ಇರಲಿಲ್ಲ. ಐಸ್ ತುಂಬುವವರೂ ಅಂತರರಾಷ್ಟ್ರೀಯ ಕಾನೂನು ಮಾತಾಡುದು.

ಕರಿಕೋಟು ಧಾರವಾಡ | ಭಾನುವಾರ ಸಂಜೆ 6:47

ಬೋಟಣ್ಣ, ಭಲೇ ತಂದ್ರಿ. ಮುಂದಿಂದು ನಾ ಹೇಳ್ತೀನಿ. 2020ರಾಗ ಹೇಗ್‌ನ ಪಂಚಾಯ್ತಿ ನ್ಯಾಯಮಂಡಳಿ, ಭಾರತದ ಬೋಟಿನ ಸಂಚಾರ ಸ್ವಾತಂತ್ರ್ಯಕ್ಕ ಧಕ್ಕಿ ಆಗ್ಯದ, ಪರಿಹಾರ ಕೊಡ್ರಿ, ಆದ್ರ ಆ ಇಬ್ಬರಿಗೆ ಸರ್ಕಾರಿ ಕೆಲಸದ ರಕ್ಷಣಾ ಅದ, ವಿಚಾರಣಾ ಇಟಲಿಯಾಗ ಅಂತು. ಇಟಲಿ 10 ಕೋಟಿ ರೂಪಾಯಿ ಕಟ್ಟಿತು, 2021ರ ಜೂನ್‌ದಾಗ ಸುಪ್ರೀಂ ಕೋರ್ಟು ಇಲ್ಲಿ ಕೇಸ್ ಮುಚ್ಚಿತು. 2022ರಾಗ ರೋಮಿನ ಕೋರ್ಟೂ ಮುಚ್ಚಿತು. ಒಪ್ಪಂದ ಬ್ಯಾರೆ, ಸಮುದ್ರ ಬ್ಯಾರೆ, ದಾರಿ ಮಾತ್ರ ಅದಽ.

ನಮ್ಮ ಕಡೆ ಒಂದು ಮಾತದ, ತನ್ನ ಮಗನ ಹಲ್ಲು ಮುರದ್ರ ಪಂಚಾಯ್ತಿ, ತನ್ನ ಮಗ ಮುರದ್ರ ಹುಡುಗಾಟ.

ಸಿಟ್ಟಿನ ಸೀನ | ಭಾನುವಾರ ಸಂಜೆ 7:01

ಈಗ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತಾನೇ ಗೊತ್ತಾಗ್ತಿಲ್ಲ.

ಕಟ್ಟೆ ನಿರ್ವಾಹಕ | ಭಾನುವಾರ ಸಂಜೆ 7:30

ಎನ್ರಿಕಾ ಲೆಕ್ಸಿಗೆ ಪ್ರತ್ಯೇಕ ಎಳೆ ತೆರೆಯಿರಿ, ಇಲ್ಲಿ ಇಷ್ಟು ಸಾಕು. ಜಾತಿ, ಪಕ್ಷ ತಂದ ಎರಡು ಉತ್ತರ ಅಳಿಸಿದ್ದೇನೆ. ಇಟಲಿ ಅಂದ ಕೂಡಲೇ ನಮ್ಮಲ್ಲಿ ಕೆಲವರಿಗೆ ಏನು ನೆನಪಾಗುತ್ತದೋ.

ಹಳೇ ಮೊಳೆ | ಭಾನುವಾರ ರಾತ್ರಿ 8:15

ನಿರ್ವಾಹಕರು ಕ್ಷಮಿಸಲಿ, ಕವಲೇಸೆಯದೇ ಎರಡು ಮಾತು. ಕೋಪವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಅಂತ ಹೇಳಲಾರೆ. 1999ರಲ್ಲೇ ಇಟಲಿಯ ಜನರಲ್ ಲಿಯೊನಾರ್ಡೊ ತ್ರಿಕಾರಿಕೊ, ಅಮೆರಿಕದ ಅಡ್ಮಿರಲ್ ಜೋಸೆಫ್ ಪ್ರೂಹರ್ ಇಬ್ಬರ ಹೆಸರಿನಲ್ಲಿ ಒಂದು ಒಪ್ಪಂದ ಆಗಿ, ಇಟಲಿಯೊಳಗೆ ಅಮೆರಿಕದ ತಗ್ಗು ಹಾರಾಟಕ್ಕೆ ಕಡಿವಾಣ ಬಿತ್ತು. ಕೆಲಸಕ್ಕೆ ಬಂದದ್ದು ಅದು ಅಂತ ನನ್ನ ಅಭಿಪ್ರಾಯ. ಅದಕ್ಕೆ ಯಾವ ಪತ್ರಿಕೆಯೂ, ನಾನೂ ಸೇರಿ, ಸಿಂಗಲ್ ಕಾಲಂ ಕೂಡ ಕೊಡಲಿಲ್ಲ.

ಇನ್ನೊಂದು. ಅಮೆರಿಕದ ರಾಯಭಾರಿ ಥಾಮಸ್ ಫೋಲಿಯೆಟ್ಟಾ ಜಾಗಕ್ಕೆ ಹೋಗಿ ಮೊಣಕಾಲೂರಿ ಪ್ರಾರ್ಥನೆ ಮಾಡಿದರು. ಹೆಸರೇ ಹೇಳುವಂತೆ ಮೂಲ ಇಟಲಿಯದೇ ಮನೆತನ. ಪಲೊಮಾರೆಸ್‌ನಲ್ಲಿ ಈಜಿದ ರಾಯಭಾರಿ, ಇಲ್ಲಿ ಮೊಣಕಾಲೂರಿದ ರಾಯಭಾರಿ. ನಾಟಕ ಅನ್ನುವವರು ಅನ್ನಲಿ. ನನಗೆ ಎರಡನೆಯದು ನಾಟಕ ಅನ್ನಿಸುವುದಿಲ್ಲ.

ಹೊಳೆಸಾಲು | ಸೋಮವಾರ ರಾತ್ರಿ 8:55

ಎಲ್ಲರಿಗೂ ನಮಸ್ಕಾರ. ಇವತ್ತು ಊಟದ ಹೊತ್ತಿಗೆ ನನ್ನ ಸಹೋದ್ಯೋಗಿಗೆ ಈ ಎಳೆ ತೋರಿಸಿದೆ. ಅಕ್ಷರ ಜಿಲೇಬಿ ಥರ ಇದೆ ಅಂತ ನಕ್ಕರು. ಒಂದೊಂದೇ ಓದಿ ಜರ್ಮನ್‌ನಲ್ಲಿ ಹೇಳಿದೆ. ಅಜ್ಜನ ದಿನಸಿ ಚೀಟಿಗೆ ಸುಮ್ಮನೆ ತಲೆಯಾಡಿಸಿದರು.

ಅವರು ಹೇಳಿದ ಒಂದು ಸಂಗತಿ ಇಲ್ಲಿ ಯಾರೂ ಬರೆದಿಲ್ಲ. ಆ ಹೊತ್ತಿಗೆ ಇನ್ನೊಂದು ಕ್ಯಾಬಿನ್ ಮೇಲಕ್ಕೆ ಹೋಗುತ್ತಿತ್ತು. ರೋಪ್‌ವೇ ಅಂದರೆ ಬಾವಿಯ ಎರಡು ಕೊಡ ಇದ್ದಂತೆ, ಒಂದು ಇಳಿದರೆ ಒಂದು ಏರುತ್ತದೆ. ಏರುವ ಕ್ಯಾಬಿನ್‌ನಲ್ಲಿ ಅದನ್ನು ನಡೆಸುವ ಒಬ್ಬನೇ ಇದ್ದ. ಅದು ಬೀಳಲಿಲ್ಲ, ಗಾಳಿಯಲ್ಲಿ ನೇತಾಡುತ್ತಾ ಉಳಿಯಿತು, ಆಮೇಲೆ ಅವನನ್ನು ಇಳಿಸಿದರು. ಅದೇ ಗುಡ್ಡದಲ್ಲಿ 1976ರ ಮಾರ್ಚ್‌ನಲ್ಲೂ ತಂತಿ ಹರಿದು 43 ಜನ ಸತ್ತಿದ್ದರಂತೆ, ಆಗ ವಿಮಾನ ಅಲ್ಲ, ರೋಪ್‌ವೇಯದೇ ತಪ್ಪು. ಆ ಸಲ ಇಟಲಿಯವರು ತಮ್ಮವರನ್ನೇ ಜೈಲಿಗೆ ಹಾಕಿದರು ಅಂದರು.

ಮತ್ತೆ ನಾನು ಕೊಟ್ಟಿದ್ದ ತಲೆಬರಹದ ಅರ್ಥ ಕೇಳಿದರು. "ಕವಲೇಸೆ ವಿಮಾನ ಅಪಘಾತ" ಅಂತಿದೆ ಅಂದೆ. ಅಪಘಾತ ಅಂದರೆ ಏನು ಅಂತ ಬಿಡಿಸಿ ಕೇಳಿದರು, ಹೇಳಿದೆ. ಅಮೆರಿಕದ ಪಡೆಯ ಕಾಗದಗಳಲ್ಲಿ ಇಂಥದ್ದಕ್ಕೆಲ್ಲ "ಮಿಸ್‌ಹ್ಯಾಪ್" ಅನ್ನುವ ಪದ ಇರುತ್ತದೆ ಅಂತ ನನಗೂ ಗೊತ್ತಿತ್ತು. ಇಟಲಿಯವರು ಕರೆಯುವುದು "ಸ್ಟ್ರಾಜೆ ದೆಲ್ ಚೆರ್ಮಿಸ್" ಅಂತ. ಸ್ಟ್ರಾಜೆ ಅಂದರೆ ಅಪಘಾತವಲ್ಲ, ಕಗ್ಗೊಲೆ, ಮಾರಣಹೋಮ ಅನ್ನುವ ಕಡೆಯ ಪದ. ಎರಡು ಮಿತ್ರದೇಶ, ಒಂದು ಮಧ್ಯಾಹ್ನ, ಎರಡು ಪದ.

ನಿರ್ವಾಹಕರೇ, ತಲೆಬರಹ ಬದಲಿಸಲು ಸಾಧ್ಯವಾ?

ಕಟ್ಟೆ ನಿರ್ವಾಹಕ | ಸೋಮವಾರ ರಾತ್ರಿ 9:20

ಏನಂತ ಹಾಕಲಿ? ದುರಂತ? ಹತ್ಯಾಕಾಂಡ ಅಂದರೆ ಜಾಲಹಳ್ಳಿ ಅಜ್ಜ ಒಪ್ಪುವುದಿಲ್ಲ.

ಜಾಲಹಳ್ಳಿ ಅಜ್ಜ | ಸೋಮವಾರ ರಾತ್ರಿ 9:34

ಒಪ್ಪುವುದಿಲ್ಲ. ಆದರೆ ಅಪಘಾತ ಅನ್ನುವುದಕ್ಕೂ ಇವತ್ತು ಕೈ ಬರುತ್ತಿಲ್ಲ.

ಹೊಳೆಸಾಲು | ಸೋಮವಾರ ರಾತ್ರಿ 9:41

ಊರು, ತಾರೀಖು ಇರಲಿ. ಆಮೇಲೆ ನನ್ನ ಪ್ರಶ್ನೆ.

ಕಟ್ಟೆ ನಿರ್ವಾಹಕ | ಸೋಮವಾರ ರಾತ್ರಿ 9:44

ಬದಲಿಸಿದೆ.